ವಯೋಮಿಂಗ್‌ನಲ್ಲಿ ಎಲ್ಎಲ್‌ಸಿ ಮಾಡಿ ಬೆಂಗಳೂರಿನ ವಿಜಯನಗರದಲ್ಲಿ ಕೂತಿದ್ದೇನೆ, ಈಗ ನಿದ್ದೆ ಬರುತ್ತಿಲ್ಲ

ವಿಜಯನಗರದ ಕೋಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ನಾನು ಒಬ್ಬನೇ ಕೆಲಸ ಮಾಡುವವನು. ಹಲ್ಲಿನ ಡಾಕ್ಟರುಗಳ ವೆಬ್‌ಸೈಟಿಗೆ ಹಾಕಿಕೊಳ್ಳುವ ಅಪಾಯಿಂಟ್‌ಮೆಂಟ್ ಬುಕಿಂಗ್ ಪ್ಲಗಿನ್ ಒಂದು ಮಾಡಿದ್ದೇನೆ, ತಿಂಗಳಿಗೆ 9 ಡಾಲರ್. ಕೊಳ್ಳುವವರು ಹೆಚ್ಚುಕಡಿಮೆ ಎಲ್ಲರೂ ಅಮೆರಿಕದವರೇ. ಕಾರ್ಡ್ ಪೇಮೆಂಟ್ ತೆಗೆದುಕೊಳ್ಳಲು ಮೊದಲು ಇಲ್ಲೇ ಸ್ಟ್ರೈಪ್ ಖಾತೆಗೆ ಅರ್ಜಿ ಹಾಕಿದೆ, ಸಿಗಲಿಲ್ಲ. 2024ರ ಮೇ ತಿಂಗಳಿಂದ ಭಾರತದಲ್ಲಿ ಅವರು ತಾವಾಗಿ ಕರೆದವರಿಗೆ ಮಾತ್ರ ಖಾತೆ ಕೊಡುತ್ತಾರಂತೆ. ಆಗ ಒಂದು ವಿಡಿಯೋ ಕಣ್ಣಿಗೆ ಬಿತ್ತು. ‘ಮನೆಯಲ್ಲೇ ಕೂತು ಅಮೆರಿಕದ ಕಂಪನಿ ಮಾಡಿ, ತೆರಿಗೆ ಸೊನ್ನೆ’ ಅಂತ. ನೋಡಿದವನೇ ಅದೇ ರಾತ್ರಿ ಒಬ್ಬ ಏಜೆಂಟರ ವೆಬ್‌ಸೈಟಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿಬಿಟ್ಟೆ. 2024ರ ಆಗಸ್ಟಿನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಎಲ್ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಆಯಿತು. ಇಐಎನ್ (ಕಂಪನಿಗೆ ಅಲ್ಲಿನ ತೆರಿಗೆ ನಂಬರ್) ಬಂತು, ಅಮೆರಿಕದ ಖಾತೆ ಬಂತು, ಸ್ಟ್ರೈಪೂ ಬಂತು. ಖಾತೆಗೆ ಮೊದಲು ಹಾಕಬೇಕಿದ್ದ 500 ಡಾಲರನ್ನು ನ್ಯೂಜೆರ್ಸಿಯಲ್ಲಿರುವ ಕಾಲೇಜಿನ ಗೆಳೆಯನೇ ಹಾಕಿದ. ‘ಊರಿಗೆ ಬಂದಾಗ ಕೊಡು ಬಿಡೋ’ ಅಂದ.

ಈಗ ತಿಂಗಳಿಗೆ 1,400 ಡಾಲರ್ ಹತ್ತಿರ ಬರುತ್ತಿದೆ. ಅರ್ಧ ಇಲ್ಲಿನ ಸೇವಿಂಗ್ಸ್ ಖಾತೆಗೆ ತಂದುಕೊಳ್ಳುತ್ತೇನೆ, ಉಳಿದದ್ದು ಅಲ್ಲೇ ಇದೆ, ಇವತ್ತಿಗೆ 6,000 ಡಾಲರ್ ಚಿಲ್ಲರೆ. ದುಡ್ಡು ತರುವಾಗ ಆ ಆಪ್‌ನಲ್ಲಿ ‘ಯಾವ ಕಾರಣಕ್ಕೆ’ ಅಂತ ಕೇಳುತ್ತದೆ, ನಾನು ‘ಕುಟುಂಬ ನಿರ್ವಹಣೆ’ ಅಂತ ಒತ್ತುತ್ತಿದ್ದೆ. ನಗಬೇಡಿ. ಕುಟುಂಬ ನಿರ್ವಹಣೆ ಆಗುತ್ತಿರುವುದೂ ಅದರಿಂದಲೇ ಅಲ್ವಾ.

ಮೊನ್ನೆ ಕೆಲಸದ ಗೆಳೆಯನೊಬ್ಬ ‘5472 ಹಾಕಿದೆಯಾ’ ಅಂದ. ಅದೇನು ಅಂತ ಹುಡುಕಿದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕೊಡಬೇಕಾದ ಫಾರ್ಮ್, ಕೊಡದಿದ್ದರೆ ದಂಡ 25,000 ಡಾಲರ್ ಅಂತಿದೆ. ನನ್ನ ಕಂಪನಿ ಹುಟ್ಟಿದ ಮೇಲೆ ಅಷ್ಟು ಲಾಭವೇ ಬಂದಿಲ್ಲ! ಏಜೆಂಟರನ್ನು ಕೇಳಿದರೆ ‘ಅದು ನಮ್ಮ ಪ್ಯಾಕೇಜಿನಲ್ಲಿ ಇಲ್ಲ’ ಅಂತ ಒಂದೇ ಸಾಲು. ಈ ವರ್ಷ ಇಲ್ಲಿನ ರಿಟರ್ನನ್ನು ಐಟಿಆರ್-4ರಲ್ಲಿ ಹಾಕಿದ್ದೇನೆ, ಸೇವಿಂಗ್ಸ್ ಖಾತೆಗೆ ಬಂದಷ್ಟನ್ನು ಮಾತ್ರ ತೋರಿಸಿ.

ಕೇಳಬೇಕಾದ್ದು ಇಷ್ಟೇ. ಆ ದಂಡ ನಿಜವಾಗಿಯೂ ಬೀಳುತ್ತದಾ? ಎಲ್ಎಲ್‌ಸಿ ಇಟ್ಟುಕೊಳ್ಳಲಾ, ಮುಚ್ಚಲಾ? ಇಲ್ಲಿ ಏನಾದರೂ ಮಾಡುವುದು ಇದೆಯಾ?

ಫ್ಯಾಕ್ಸ್ ಯಂತ್ರ

ನಾನೂ ನಿಮ್ಮ ದಾರಿಯಲ್ಲೇ ಬಂದವನು, 2019ರಿಂದ ಡೆಲವೇರ್ ಎಲ್ಎಲ್‌ಸಿ ಇದೆ. ಅಮೆರಿಕದ ಕಡೆಯದ್ದು ಹೇಳುತ್ತೇನೆ. ಇಲ್ಲಿನದ್ದು ಬಲ್ಲವರು ಹೇಳಲಿ, ನನ್ನ ಸಿಎ ಹೇಳಿದ್ದನ್ನು ನಾನು ಅರ್ಧ ಮಾತ್ರ ಅರ್ಥ ಮಾಡಿಕೊಂಡಿದ್ದೇನೆ.

ದಂಡ ನಿಜ. ಮೊದಲು 10,000 ಡಾಲರ್ ಇತ್ತು, 2018ರಿಂದ 25,000 ಆಯಿತು. ಐಆರ್‌ಎಸ್ ನೋಟಿಸ್ ಕೊಟ್ಟ ಮೇಲೂ 90 ದಿನ ಸುಮ್ನೆ ಕೂತರೆ, ಆಮೇಲಿನ ಪ್ರತಿ 30 ದಿನಕ್ಕೆ ಇನ್ನೊಂದು 25,000.

ತಮಾಷೆ ಏನು ಅಂದರೆ ಇದು ತೆರಿಗೆ ಕಟ್ಟುವ ಫಾರ್ಮೇ ಅಲ್ಲ, ಬರೀ ಮಾಹಿತಿ ಕೊಡುವ ಫಾರ್ಮ್. ಒಬ್ಬನೇ ಮಾಲೀಕ ಇರುವ ಎಲ್ಎಲ್‌ಸಿಯನ್ನು ಅವರ ತೆರಿಗೆ ಕಾನೂನು ಬೇರೆ ಅಂತ ನೋಡುವುದೇ ಇಲ್ಲ, ಅದರ ಆದಾಯ ಮಾಲೀಕನದ್ದೇ ಅಂತ ಲೆಕ್ಕ. ಮಾಲೀಕ ಹೊರದೇಶದವನಾಗಿದ್ದರೆ ಮಾತ್ರ, ನಿನಗೂ ಕಂಪನಿಗೂ ನಡುವೆ ಓಡಾಡಿದ ದುಡ್ಡಿನ ಲೆಕ್ಕ ಕೊಡು ಅನ್ನುತ್ತದೆ. ನೀವು ಹಾಕಿದ ಬಂಡವಾಳ, ತೆಗೆದ ದುಡ್ಡು, ಕಂಪನಿ ಶುರು ಮಾಡಲು ಕಾರ್ಡಿನಿಂದ ಕಟ್ಟಿದ್ದು, ಎಲ್ಲ ಬರುತ್ತದೆ. ಆದ್ದರಿಂದ ‘ನನಗೆ ಆ ವರ್ಷ ಆದಾಯವೇ ಇರಲಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ. 2024ರಲ್ಲಿ ನೀವು ಎಲ್ಎಲ್‌ಸಿ ಮಾಡಿದ್ದೇ ಸಾಕು, ಆ ವರ್ಷದ್ದನ್ನು 2025ರ ಏಪ್ರಿಲ್ 15ರೊಳಗೆ ಕೊಡಬೇಕಿತ್ತು. ಮೊದಲೇ ಹೆಚ್ಚು ಸಮಯ ಕೇಳುವ ಫಾರ್ಮ್ 7004 ಹಾಕಿದ್ದರೆ ಅಕ್ಟೋಬರ್ 15ರ ತನಕ ಸಮಯ ಸಿಗುತ್ತಿತ್ತು. ಎರಡೂ ಹೋಯಿತು.

ಹಾಗಂತ ಅವರ ನೋಟಿಸ್ ಬರಲಿ ಅಂತ ಕಾಯಬೇಡಿ. ಈಗಲೇ 2024ರದ್ದನ್ನು ಕಳಿಸಿ, ಯಾಕೆ ತಡವಾಯಿತು ಅಂತ ಒಂದು ಪತ್ರ ಜೊತೆಗಿಡಿ. ಪತ್ರದಲ್ಲಿ ಕಥೆ ಕಟ್ಟಬೇಡಿ. ‘ಗೊತ್ತಿರಲಿಲ್ಲ’ ಅನ್ನುವುದೊಂದೇ ಗಟ್ಟಿ ಕಾರಣ ಅಲ್ಲ, ಆದರೆ ಗೊತ್ತಾದ ಕೂಡಲೇ ತಾನಾಗಿ ಬಂದು ಕೊಟ್ಟ ಅನ್ನುವುದಕ್ಕೆ ಬೆಲೆ ಇದೆ. ಈ ಪತ್ರವೊಂದನ್ನು ಮಾತ್ರ ಅಲ್ಲಿನ ಒಬ್ಬ ಸಿಪಿಎ (ನಮ್ಮ ಸಿಎ ಇದ್ದಂತೆ) ಕೈಲಿ ಬರೆಸಿ, ಇಲ್ಲಿ ಉಳಿತಾಯ ನೋಡಬೇಡಿ.

ಫಾರ್ಮ್ ತುಂಬುವುದು ನೀವೇ ಮಾಡಬಹುದು. 5472ರ ಮೇಲೆ ಒಂದು 1120 ಫಾರ್ಮ್ ಇಡಬೇಕು, ಅದು ಸುಮ್ನೆ ಹೊದಿಕೆ ಇದ್ದಂತೆ, ಹೆಸರು ವಿಳಾಸ ಇಂಥವು ಬಿಟ್ಟರೆ ಖಾಲಿಯೇ. ಅದರ ತಲೆಯ ಮೇಲೆ ‘ಫಾರಿನ್-ಓನ್ಡ್ ಯುಎಸ್ ಡಿಇ’ ಅಂತ ಬರೆಯಬೇಕು. ಆಮೇಲೆ ಅಂಚೆ ಅಥವಾ ಫ್ಯಾಕ್ಸ್. ಹೌದು, ಫ್ಯಾಕ್ಸ್! ನಮ್ಮಂಥವರ ಈ ಜೋಡಿ ಆನ್‌ಲೈನಿನಲ್ಲಿ ಹೋಗುವುದಿಲ್ಲ. ಯೂಟಾ ರಾಜ್ಯದ ಆಗ್ಡನ್ ಅನ್ನುವ ಊರಿಗೆ ಹೋಗುತ್ತದೆ. ಮೊದಲ ಸಲ ನಾನು ಜಯನಗರ ನಾಲ್ಕನೇ ಬ್ಲಾಕ್ ಸುತ್ತಿ ಫ್ಯಾಕ್ಸ್ ಅಂಗಡಿ ಹುಡುಕಿದೆ, ಒಬ್ಬ ಜೆರಾಕ್ಸ್ ಅಂಗಡಿಯವರು ‘ಆ ಮೆಷಿನ್ ಗುಜರಿಗೆ ಹಾಕಿ ಎಷ್ಟೋ ವರ್ಷ ಆಯ್ತು ಸರ್’ ಅಂದರು. ಇಂಟರ್‌ನೆಟ್ಟಿನಿಂದಲೇ ಫ್ಯಾಕ್ಸ್ ಕಳಿಸುವ ಸೇವೆಗಳಿವೆ, ಅದರಲ್ಲಿ ಕಳಿಸಿ. ಹೋಯಿತು ಅಂತ ಬರುವ ರಸೀದಿ ಪುಟವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ತಲುಪಿದೆ ಅಂತ ಐಆರ್‌ಎಸ್‌ನಿಂದ ನನಗೆ ಇದುವರೆಗೆ ಒಂದು ಕಾಗದವೂ ಬಂದಿಲ್ಲ, ಇರುವ ಸಾಕ್ಷಿ ಅದೊಂದೇ.

‘ತೆರಿಗೆ ಸೊನ್ನೆ’ ಅನ್ನುವ ಮಾತಿಗೆ ಬರೋಣ. ಅರ್ಧ ನಿಜ. ನೀವು ಅಲ್ಲಿನ ನಿವಾಸಿ ಅಲ್ಲ, ಅಲ್ಲಿ ಆಫೀಸಿಲ್ಲ, ಅಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುವವರಿಲ್ಲ, ಕೆಲಸವೆಲ್ಲ ವಿಜಯನಗರದ ಮನೆಯಲ್ಲಿ ನಡೆಯುತ್ತದೆ. ಇಂಥ ದುಡಿಮೆಗೆ ಸಾಮಾನ್ಯವಾಗಿ ಅಮೆರಿಕ ಆದಾಯ ತೆರಿಗೆ ಕೇಳುವುದಿಲ್ಲ. ಆದರೆ ನಾಳೆ ಆ ನ್ಯೂಜೆರ್ಸಿ ಗೆಳೆಯನನ್ನೇ ಸೇಲ್ಸ್‌ಗೆ ಇಟ್ಟುಕೊಂಡರೆ ಲೆಕ್ಕ ಬದಲಾಗುತ್ತದೆ. ಇನ್ನು ರಾಜ್ಯಗಳ ಸೇಲ್ಸ್ ಟ್ಯಾಕ್ಸ್ ಬೇರೆಯೇ ಕಥೆ. ಅಲ್ಲಿನ ಸುಪ್ರೀಂ ಕೋರ್ಟಿನ 2018ರ ವೇಫೇರ್ ತೀರ್ಪಿನ ಮೇಲೆ, ಆ ರಾಜ್ಯದಲ್ಲಿ ಕಾಲಿಡದಿದ್ದರೂ ಅಲ್ಲಿನ ಮಾರಾಟ ಒಂದು ಮಿತಿ ದಾಟಿದರೆ ಕಟ್ಟಬೇಕು. ನಿಮ್ಮ ಈಗಿನ ಗಾತ್ರಕ್ಕೆ ಅದು ದೂರದ ಮಾತು, ಬಿಡಿ.

ಇನ್ನೆರಡು ಸಣ್ಣ ವಿಷಯ. ಯಾರಾದರೂ ಡಬ್ಲ್ಯೂ-9 ಸಹಿ ಮಾಡಿ ಅಂದರೆ ಮಾಡಬೇಡಿ, ಅದು ಅಮೆರಿಕದವರಿಗೆ. ಇಐಎನ್ ಇದೆಯಲ್ಲ ಅಂತ ತುಂಬಾ ಜನ ಎಡವುವುದು ಇಲ್ಲೇ. ನೀವು ಮಾಲೀಕರಾಗಿ ನಿಮ್ಮ ಹೆಸರಿನಲ್ಲಿ ಡಬ್ಲ್ಯೂ-8ಬೆನ್ ಕೊಡಬೇಕು. ಇನ್ನು ಬಿಒಐ (ಕಂಪನಿಯ ನಿಜವಾದ ಮಾಲೀಕರು ಯಾರು ಅನ್ನುವ ಮಾಹಿತಿ) ಫೈಲಿಂಗ್ ಮಾಡಿಕೊಡುತ್ತೇವೆ ಅಂತ ಏಜೆಂಟರ ಈಮೇಲ್ ಬಂದರೆ ಅಳಿಸಿಬಿಡಿ, 2025ರ ಮಾರ್ಚಿನಲ್ಲಿ ಅಮೆರಿಕದೊಳಗೆ ಹುಟ್ಟಿದ ಕಂಪನಿಗಳಿಗೆ ಅದನ್ನು ತೆಗೆದುಹಾಕಿದ್ದಾರೆ. ನನಗಂತೂ ಇನ್ನೂ ಬರುತ್ತಲೇ ಇವೆ.

ಮಲ್ಲೇಶ್ವರದ ಲೆಕ್ಕ

ಸಿಎ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಫೈಲುಗಳು ವರ್ಷಕ್ಕೆ ಏಳೆಂಟು ಬರುತ್ತವೆ, ಎಲ್ಲರೂ ನಿಮ್ಮ ಹಾಗೆಯೇ 5472 ಅಂತ ಗಾಬರಿಯಾಗಿ ಬರುತ್ತಾರೆ. ಸರ್, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ದೊಡ್ಡ ತೊಡಕು ಆಗ್ಡನ್‌ನಲ್ಲಿ ಇಲ್ಲ, ಇಲ್ಲೇ ಇದೆ. ಆ ವಿಡಿಯೋದವರು ಹೇಳದೆ ಬಿಟ್ಟದ್ದು ಈ ಅರ್ಧವನ್ನೇ.

ನೀವು ಭಾರತದ ನಿವಾಸಿ. ನಿಮ್ಮ ಆದಾಯ ಯಾವ ದೇಶದ ಖಾತೆಯಲ್ಲಿ ಮಲಗಿದ್ದರೂ ಇಲ್ಲಿ ತೋರಿಸಬೇಕು. ಸೇವಿಂಗ್ಸ್ ಖಾತೆಗೆ ತಂದಷ್ಟು ಮಾತ್ರ ಆದಾಯ ಅನ್ನುವುದು ತಪ್ಪು ಲೆಕ್ಕ. ಅಲ್ಲಿ ಉಳಿದ 6,000 ಡಾಲರೂ ದುಡಿದದ್ದೇ ತಾನೆ? ಎರಡನೆಯದು, ಹೊರದೇಶದಲ್ಲಿ ಆಸ್ತಿ, ಖಾತೆ ಇರುವವರು ಐಟಿಆರ್-4 ಹಾಕುವ ಹಾಗೇ ಇಲ್ಲ. ನಿಮಗೆ ಐಟಿಆರ್-3. ಅದರಲ್ಲಿ ಶೆಡ್ಯೂಲ್ ಎಫ್ಎ ಅಂತ ಇದೆ, ಎಲ್ಎಲ್‌ಸಿಯಲ್ಲಿನ ಪಾಲು, ಅಲ್ಲಿನ ಬ್ಯಾಂಕ್ ಖಾತೆ ಎರಡನ್ನೂ ಬರೆಯಬೇಕು. ಎಡವುವ ಜಾಗ ಒಂದಿದೆ. ಆದಾಯ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ, ಎಫ್ಎ ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕ. 2024–25ರ ರಿಟರ್ನಿನಲ್ಲಿ 2024ರ ಡಿಸೆಂಬರ್ 31ಕ್ಕೆ ಮುಗಿದ ವರ್ಷದ್ದು ತೋರಿಸಬೇಕು. ಈಗ 2025ರ ನವೆಂಬರ್, ಡಿಸೆಂಬರ್ 31ರ ತನಕ ರಿವೈಸ್ಡ್ ರಿಟರ್ನ್ ಹಾಕಬಹುದು. ಇವತ್ತೇ ಶುರು ಮಾಡಿ.

ಕಪ್ಪುಹಣ ಕಾಯ್ದೆ, 10 ಲಕ್ಷ ದಂಡ ಅಂತ ಯಾರಾದರೂ ಹೆದರಿಸುತ್ತಾರೆ. 2024ರ ಅಕ್ಟೋಬರ್ 1ರಿಂದ, ಹೊರಗಿರುವ ಆಸ್ತಿ ಎಲ್ಲ ಸೇರಿ 20 ಲಕ್ಷ ದಾಟದಿದ್ದರೆ, ಮನೆ ಜಮೀನು ಬಿಟ್ಟು, ತೋರಿಸದ್ದಕ್ಕೆ ಆ ದಂಡ ಇಲ್ಲ. ನಿಮ್ಮದು ಅದರೊಳಗೇ ಇದೆ. ಆದರೆ ದಂಡ ಇಲ್ಲ ಅಂದ ಮಾತ್ರಕ್ಕೆ ತೋರಿಸಬೇಕಾಗಿಲ್ಲ ಅಂತಲ್ಲ.

ಈಗ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ. ನಿಜವಾಗಿ ಗಂಟು ಬಿದ್ದಿರುವುದು ಇಲ್ಲಿ. ಹೊರದೇಶದ ಕಂಪನಿಯಲ್ಲಿ ಪಾಲು ಇಟ್ಟುಕೊಳ್ಳುವುದು ನಿಮ್ಮಂಥ ಒಬ್ಬ ವ್ಯಕ್ತಿಗೂ ಒಡಿಐ (ಹೊರದೇಶದಲ್ಲಿ ನೇರ ಹೂಡಿಕೆ) ಆಗುತ್ತದೆ. 2022ರ ಆಗಸ್ಟ್ 22ರಂದು ಬಂದ ನಿಯಮಗಳು ಇದಕ್ಕೆ ದಾರಿ ಕೊಟ್ಟಿವೆ, ಕಷ್ಟದ್ದೇನಲ್ಲ. ವರ್ಷಕ್ಕೆ 2,50,000 ಡಾಲರ್‌ನ ಎಲ್ಆರ್‌ಎಸ್ (ಒಬ್ಬ ವ್ಯಕ್ತಿ ಹೊರದೇಶಕ್ಕೆ ಕಳಿಸಬಹುದಾದ ದುಡ್ಡಿನ) ಮಿತಿಯೊಳಗೆ, ನಿಮ್ಮ ಬ್ಯಾಂಕ್ ಮೂಲಕ, ಫಾರ್ಮ್ ಎಫ್‌ಸಿ ಕೊಟ್ಟು, ಆ ಹೂಡಿಕೆಗೆ ಯುಐಎನ್ ಅನ್ನುವ ಗುರುತಿನ ನಂಬರ್ ತೆಗೆದುಕೊಂಡು, ಆಮೇಲೆ ದುಡ್ಡು ಕಳಿಸಬೇಕು. ಅದಾದ ಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಎಪಿಆರ್ ಅನ್ನುವ ವರದಿ. ಕಂಪನಿ ಪೂರ್ತಿ ನಿಮ್ಮ ಹಿಡಿತದಲ್ಲೇ ಇರುವುದರಿಂದ ಅದಕ್ಕೆ ಆಡಿಟ್ ಆದ ಲೆಕ್ಕವೇ ಬೇಕು. ತಿಂಗಳಿಗೆ 1,400 ಡಾಲರ್‌ನ ಕಂಪನಿಗೆ ಆಡಿಟ್! ವಿಡಿಯೋದಲ್ಲಿ ಈ ಖರ್ಚು ಹೇಳಿದ್ದರಾ?

ಎಪಿಆರ್ ತಡವಾದರೆ 7,500 ರೂಪಾಯಿ ತಡ ಶುಲ್ಕ ಕಟ್ಟಿ ಸರಿ ಮಾಡಿಕೊಳ್ಳಬಹುದು. ಆದರೆ ನಿಮ್ಮ ಮೊದಲ 500 ಡಾಲರ್ ಬ್ಯಾಂಕ್ ದಾರಿಯಲ್ಲಿ ಹೋಗಲೇ ಇಲ್ಲ, ಗೆಳೆಯರ ಜೇಬಿನಿಂದ ಹೋಗಿದೆ. ದುಡ್ಡು ಸಣ್ಣದು, ತೊಡಕು ದೊಡ್ಡದು. ನನ್ನ ಪ್ರಕಾರ ಬರೀ ತಡ ಶುಲ್ಕದಲ್ಲಿ ಮುಗಿಯುವುದಿಲ್ಲ, ಆರ್‌ಬಿಐ ಮುಂದೆ ಕಾಂಪೌಂಡಿಂಗ್‌ಗೆ (ತಪ್ಪು ಒಪ್ಪಿ, ದುಡ್ಡು ಕಟ್ಟಿ ಇತ್ಯರ್ಥ ಮಾಡಿಕೊಳ್ಳುವುದು) ಹೋಗಬೇಕಾಗುತ್ತದೆ. ಫೆಮಾ ನೋಡುವ ಸಿಎ ಒಬ್ಬರಿಗೆ ತೋರಿಸಿ, ಎಲ್ಲರೂ ಇದನ್ನು ಮಾಡುವುದಿಲ್ಲ. ‘ಕುಟುಂಬ ನಿರ್ವಹಣೆ’ ಕೋಡನ್ನು ಇವತ್ತಿನಿಂದಲೇ ನಿಲ್ಲಿಸಿ ಮಾರಾಯರೇ. ಅದು ಹೊರಗಿರುವ ಭಾರತೀಯರು ಮನೆಗೆ ಕಳಿಸುವ ದುಡ್ಡಿಗೆ ಇರುವುದು.

ರಿಂಗ್ ರೋಡ್ ರಾಯರು

ಗುರು ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರ. ನೂರಾರು ಜನ ಮಾಡಿದ್ದಾರೆ, ಯಾರನ್ನೂ ಹಿಡಿದದ್ದು ನಾನು ಕಂಡಿಲ್ಲ. 500 ಡಾಲರ್‌ಗೆ ಆರ್‌ಬಿಐ ಬರುತ್ತಾ? ಮತ್ತೆ ಪೋಯೆಮ್ ಅಂತ ಇದೆಯಲ್ಲ, ಇಲ್ಲಿಂದ ನಡೆಸಿದರೆ ಅದು ಭಾರತದ ಕಂಪನಿಯೇ ಆಗುತ್ತೆ. ಹಾಗಾದರೆ ಹೊರದೇಶದ ಆಸ್ತಿ ಅಂತಲೇ ಬರಲ್ಲ, ಎಫ್ಎ ಯಾಕೆ?

ಮಲ್ಲೇಶ್ವರದ ಲೆಕ್ಕ

ರಾಯರೇ, ಎರಡನ್ನು ಕಲಸಿಬಿಟ್ಟಿದ್ದೀರಿ. ಕಂಪನಿಯನ್ನು ನಿಜವಾಗಿ ಎಲ್ಲಿಂದ ನಡೆಸುತ್ತಾರೆ ಅನ್ನುವುದನ್ನು ನೋಡುವ ಆ ನಿಯಮ, ವರ್ಷದ ವಹಿವಾಟು 50 ಕೋಟಿ ಅಥವಾ ಕಡಿಮೆ ಇರುವ ಕಂಪನಿಗಳಿಗೆ ಅನ್ವಯಿಸುವುದಿಲ್ಲ ಅಂತ 2017ರಲ್ಲೇ ಸಿಬಿಡಿಟಿ (ಕೇಂದ್ರದ ನೇರ ತೆರಿಗೆ ಮಂಡಳಿ) ಸುತ್ತೋಲೆ ಹೊರಡಿಸಿದೆ. ಇನ್ನು ಅನ್ವಯಿಸಿದರೂ ವಯೋಮಿಂಗ್‌ನಲ್ಲಿ ಹುಟ್ಟಿದ ಕಂಪನಿ ಫೆಮಾ ಲೆಕ್ಕದಲ್ಲಿ ಹೊರದೇಶದ್ದೇ.

ಆದರೆ ನಿಮ್ಮ ಮಾತಿನಲ್ಲಿ ಒಂದು ಕಿಡಿ ಇದೆ, ಅದನ್ನು ಬಿಡಬಾರದು. ಅಮೆರಿಕ ಈ ಎಲ್ಎಲ್‌ಸಿಯನ್ನು ಬೇರೆ ಅಂತ ನೋಡದೆ ಇರಬಹುದು, ನಮ್ಮ ಕಾಯ್ದೆಯಲ್ಲಿ ಹೊರದೇಶದ ಕಾನೂನಿನಡಿ ಹುಟ್ಟಿದ ಇಂಥ ಸಂಸ್ಥೆ ‘ಕಂಪನಿ’. ಕೆಲಸ ಇಲ್ಲಿ ನಡೆದರೆ ಆ ಲಾಭಕ್ಕೆ ಹೊರದೇಶದ ಕಂಪನಿಯ ದರ ಹಾಕಬೇಕು ಅಂತ ವಾದಿಸುವವರಿದ್ದಾರೆ. ಆ ದರ ಮೊದಲು 40 ಇತ್ತು, ಈಗ ಶೇಕಡಾ 35, ಮೇಲೆ ಸೆಸ್. ಸಣ್ಣವರು ಹೆಚ್ಚಿನವರು ಪೂರ್ತಿ ಆದಾಯವನ್ನು ತಮ್ಮ ಸ್ವಂತ ರಿಟರ್ನಿನಲ್ಲೇ ತೋರಿಸಿ ತೆರಿಗೆ ಕಟ್ಟುತ್ತಾರೆ. ಇದರಲ್ಲಿ ಇಬ್ಬರು ಸಿಎಗಳನ್ನು ಕೇಳಿದರೆ ಎರಡು ಮಾತು ಬರುತ್ತದೆ. ನಿಮ್ಮ ಸಿಎ ಏನು ಹೇಳಿದರು ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡದೆ ಈಮೇಲ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಹಿಡಿಯುವ ಮಾತು. 2024ರ ನವೆಂಬರಿನಲ್ಲಿ ಇಲಾಖೆಯವರು ಹೊರದೇಶದ ಖಾತೆ ತೋರಿಸಿ ಅಂತ ಜನರಿಗೆ ಎಸ್ಎಂಎಸ್, ಈಮೇಲ್ ಕಳಿಸಿದ್ದರು. ನಮ್ಮ ಆಫೀಸಿಗೆ ಆ ತಿಂಗಳು ಫೋನ್ ನಿಲ್ಲಲಿಲ್ಲ.

ಬೈ ಟು ಕಾಫಿ

ಮುಚ್ಚಿದವನ ಮಾತೂ ಕೇಳಿ.

ನನ್ನದೂ ವಯೋಮಿಂಗ್, ಮೂರು ವರ್ಷ ಇತ್ತು. ಅಲ್ಲಿನ ಸರ್ಕಾರಕ್ಕೆ ಕಟ್ಟುವುದು ಕಡಿಮೆ, ವರ್ಷದ ವರದಿಗೆ ಕನಿಷ್ಠ 60 ಡಾಲರ್. ಡೆಲವೇರ್‌ನವರು ವರ್ಷಕ್ಕೆ 300, ಜೂನ್ 1ರೊಳಗೆ. ಅದನ್ನು ನೋಡಿ ‘ಅಗ್ಗ’ ಅಂದುಕೊಂಡೆ. ಆಮೇಲೆ ರಿಜಿಸ್ಟರ್ಡ್ ಏಜೆಂಟ್ (ಕಂಪನಿಯ ಪರವಾಗಿ ಅಲ್ಲಿ ಸರ್ಕಾರಿ ಕಾಗದ ತೆಗೆದುಕೊಳ್ಳುವವರು), ಸಿಪಿಎ, ಇಲ್ಲಿನ ಸಿಎ, ಆಡಿಟ್. ಮಧ್ಯೆ ಒಮ್ಮೆ ಅಲ್ಲಿನ ಖಾತೆಯವರು ‘ನಿಮ್ಮ ವಿಳಾಸದ ಪುರಾವೆ ಕೊಡಿ’ ಅಂತ ಮೂರು ವಾರ ಖಾತೆ ತಡೆಹಿಡಿದರು. ಕೊಡಲು ನನ್ನ ಹತ್ತಿರ ಇದ್ದದ್ದು ಬನಶಂಕರಿಯ ಬೆಸ್ಕಾಂ ಬಿಲ್ಲು. ಆ ಮೂರು ವಾರ ಬಾಡಿಗೆಗೆ ಅಪ್ಪನ ಹತ್ತಿರ ಕೈ ಚಾಚಿದೆ, ಅವತ್ತೇ ಮುಚ್ಚುವ ಮನಸ್ಸಾಯಿತು.

ಈಗ ಪ್ಯಾಡಲ್ ಥರದ ಕಂಪನಿಯ ಮೂಲಕ ಮಾರುತ್ತೇನೆ. ಕಸ್ಟಮರ್‌ಗೆ ಮಾರುವವರು ಅವರೇ, ಅಮೆರಿಕದ ಸೇಲ್ಸ್ ಟ್ಯಾಕ್ಸ್, ಯುರೋಪಿನ ವ್ಯಾಟ್ ಎಲ್ಲ ಅವರ ತಲೆನೋವು. ಪ್ರತಿ ಮಾರಾಟಕ್ಕೆ ಶೇಕಡಾ 5 ಮತ್ತು 50 ಸೆಂಟ್ ಹಿಡಿದುಕೊಳ್ಳುತ್ತಾರೆ. 9 ಡಾಲರ್‌ಗೆ 95 ಸೆಂಟ್, ಹೊಟ್ಟೆ ಉರಿಯುತ್ತದೆ ನಿಜ. ಆದರೆ ನನಗೆ ತಿಂಗಳಿಗೊಮ್ಮೆ ಒಂದೇ ದುಡ್ಡು, ನನ್ನ ಪ್ರೊಪ್ರೈಟರ್‌ಶಿಪ್ಪಿನ ಕರೆಂಟ್ ಖಾತೆಗೆ, ಸರಿಯಾದ ಕೋಡ್ ಹಾಕಿ. ಜಿಎಸ್‌ಟಿಯಲ್ಲಿ ಪ್ರತಿ ವರ್ಷ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹಾಕುತ್ತೇನೆ, ರಫ್ತು ಆದ್ದರಿಂದ ತೆರಿಗೆ ಇಲ್ಲ. ವರ್ಷಕ್ಕೆ ಒಬ್ಬ ಸಿಎ, ಒಂದು ರಿಟರ್ನ್. ನಿಮ್ಮ ಹಾಗೆ ಸಣ್ಣ ಬೆಲೆಗೆ ತಿಂಗಳು ತಿಂಗಳು ಮಾರುವವರು ವರ್ಷದ ಚಂದಾ ಮಾಡಿಬಿಟ್ಟರೆ ಆ 50 ಸೆಂಟಿನ ಪೆಟ್ಟು ಕಮ್ಮಿಯಾಗುತ್ತದೆ, ನಾನು ಅದನ್ನೇ ಮಾಡಿದೆ.

ಮುಚ್ಚುವುದು ಅಂದರೆ ಬಾಗಿಲು ಹಾಕಿ ಬರುವುದಲ್ಲ. ರಾಜ್ಯಕ್ಕೆ ಡಿಸಲ್ಯೂಷನ್ (ಕಂಪನಿ ವಿಸರ್ಜನೆ) ಕಾಗದ ಕೊಡಬೇಕು, ಕೊನೆಯ ವರ್ಷದ 5472 ಅನ್ನು, ಮೇಲಿನ 1120ರಲ್ಲಿ ‘ಕೊನೆಯದು’ ಅಂತ ಗುರುತು ಮಾಡಿ ಕಳಿಸಬೇಕು, ಇಐಎನ್ ಖಾತೆ ಮುಚ್ಚಿ ಅಂತ ಐಆರ್‌ಎಸ್‌ಗೆ ಪತ್ರ, ಉಳಿದ ದುಡ್ಡು ವಾಪಸ್ ತಂದ 30 ದಿನದಲ್ಲಿ ಬ್ಯಾಂಕಿಗೆ ತಿಳಿಸಬೇಕು. ಸುಮ್ನೆ ಬಿಟ್ಟರೆ ರಾಜ್ಯದವರೇ ಒಂದು ದಿನ ತೆಗೆದುಹಾಕುತ್ತಾರೆ, ಆದರೆ 5472 ಮಾತ್ರ ನಿಮ್ಮ ಬೆನ್ನಿಗೇ ಇರುತ್ತದೆ.

ದೊಡ್ಡವರೂ ಇದೇ ದಾರಿಯಲ್ಲಿ ವಾಪಸ್ ಬಂದಿದ್ದಾರೆ ಅನ್ನುವುದೊಂದು ಸಮಾಧಾನ. ನಮ್ಮ ಊರಿನ ಹೂಡಿಕೆ ಆಪ್ ಕಂಪನಿ ಗ್ರೋ ಅಮೆರಿಕದಿಂದ ಮನೆಗೆ ಮರಳಲು ಸುಮಾರು 1,340 ಕೋಟಿ ತೆರಿಗೆ ಕಟ್ಟಿತು. ನಮ್ಮದು ಅಷ್ಟಿಲ್ಲವಲ್ಲ!

ಫ್ಯಾಕ್ಸ್ ಯಂತ್ರ

ಬೈ ಟು ಹೇಳಿದ್ದು ಸರಿ, ಆದರೆ ಎಲ್ಲರಿಗೂ ಅಲ್ಲ. ನನಗೆ ಎರಡು ದೊಡ್ಡ ಕಂಪನಿಗಳು ಅಮೆರಿಕದ ವೆಂಡರ್ ಆದರೆ ಮಾತ್ರ ಕಾಂಟ್ರ್ಯಾಕ್ಟ್ ಅನ್ನುತ್ತವೆ, ಅದಕ್ಕೇ ಇಟ್ಟುಕೊಂಡಿದ್ದೇನೆ. ವರ್ಷದ ಖರ್ಚೆಲ್ಲ ಕಳೆದೂ ಲಾಭ ಇದೆ. ನಿಮಗೆ ಎಲ್ಎಲ್‌ಸಿ ಬೇಕಾದದ್ದು ಕಾರ್ಡ್ ಪೇಮೆಂಟ್ ತೆಗೆದುಕೊಳ್ಳಲು ಮಾತ್ರ. ಅಷ್ಟಕ್ಕೆ ಒಂದು ದೇಶದ ಕಂಪನಿ ಬೇಕಾಗಿರಲಿಲ್ಲ.

ವಿಜಯನಗರದ ಕೋಡಿಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನದಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಸಿಪಿಎ ಪತ್ರ ಬರೆದುಕೊಟ್ಟರು. 2024ರದ್ದು ನಿನ್ನೆ ರಾತ್ರಿ ಫ್ಯಾಕ್ಸ್ ಮಾಡಿದೆ, ಒಂಬತ್ತು ಪುಟ. ಮೊದಲ ಎರಡು ಸಲ ಲೈನ್ ಬ್ಯುಸಿ, ಮೂರನೇ ಸಲ ಹೋಯಿತು. ರಸೀದಿಯನ್ನು ಮೂರು ಕಡೆ ಸೇವ್ ಮಾಡಿ ಒಂದು ಪ್ರಿಂಟ್ ಬೇರೆ ತೆಗೆದಿಟ್ಟಿದ್ದೇನೆ. ಅಮ್ಮ ‘ಏನೋ ಅದು, ಮಾರ್ಕ್ಸ್ ಕಾರ್ಡಾ’ ಅಂತ ಕೇಳಿದರು.

ಐಟಿಆರ್-3 ತಯಾರಾಗುತ್ತಿದೆ. ಅಲ್ಲಿ ಉಳಿಸಿದ್ದನ್ನೂ ಸೇರಿಸಿದರೆ ಇನ್ನೊಂದಷ್ಟು ತೆರಿಗೆ ಬಡ್ಡಿ ಕಟ್ಟಬೇಕು, ಕಟ್ಟುತ್ತೇನೆ.

ಮುಚ್ಚುವುದು ಅಂತ ತೀರ್ಮಾನ ಮಾಡಿದ್ದೇನೆ. ಆದರೆ ಸಿಎ ಹೇಳುವುದು, ಮೊದಲು ಅದು ಹುಟ್ಟಿದ್ದನ್ನು ಆರ್‌ಬಿಐಗೆ ತಿಳಿಸಬೇಕು, ಆಮೇಲೆ ಮುಚ್ಚಿದ್ದನ್ನು ತಿಳಿಸಬೇಕು. ಹುಟ್ಟಿನ ಸರ್ಟಿಫಿಕೇಟ್ ಇಲ್ಲದೆ ಸಾವಿನ ಸರ್ಟಿಫಿಕೇಟ್ ಕೊಡಲ್ಲ ಅಂದ ಹಾಗೆ. ನೃಪತುಂಗ ರಸ್ತೆಯ ಆರ್‌ಬಿಐ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ, ಅವರ ಹತ್ತಿರ ನನಗೆ ಕೆಲಸ ಬೀಳುತ್ತದೆ ಅಂತ ಅಂದುಕೊಂಡಿರಲಿಲ್ಲ.

ಈಗಿನ ತೊಂದರೆ ನನ್ನ ಬ್ಯಾಂಕ್ ಬ್ರಾಂಚ್. ಫಾರ್ಮ್ ಎಫ್‌ಸಿ ಅಂದರೆ ಕೌಂಟರಿನವರು ‘ಎಫ್‌ಡಿ ಫಾರ್ಮಾ ಸರ್’ ಅನ್ನುತ್ತಾರೆ. ಮ್ಯಾನೇಜರ್ ಒಡಿಐ ಅಂದದ್ದಕ್ಕೆ ಓಡಿ (ಓವರ್‌ಡ್ರಾಫ್ಟ್) ಖಾತೆ ಅಂದುಕೊಂಡು ಮನೆ ಪತ್ರ ತನ್ನಿ ಅಂದರು. ಯಾರಾದರೂ ಇದನ್ನು ದಾಟಿದ್ದೀರಾ?

ಮಲ್ಲೇಶ್ವರದ ಲೆಕ್ಕ

ನಿಮ್ಮ ಬ್ರಾಂಚಿನಲ್ಲಿ ಆಗಲ್ಲ ಸರ್. ಫಾರೆಕ್ಸ್ ನೋಡುವ ಬ್ರಾಂಚ್ ಯಾವುದು ಅಂತ ಮ್ಯಾನೇಜರ್ ಹತ್ತಿರ ಈಮೇಲ್‌ನಲ್ಲಿ ಕೇಳಿ, ಹೆಚ್ಚಾಗಿ ಎಂಜಿ ರಸ್ತೆ ಕಡೆ ಇರುತ್ತದೆ. ಹೋಗುವಾಗ ಎಲ್ಎಲ್‌ಸಿಯ ಆರ್ಟಿಕಲ್ಸ್, ಆಪರೇಟಿಂಗ್ ಅಗ್ರಿಮೆಂಟ್, ಪ್ಯಾನ್, ಆ 500 ಡಾಲರ್ ಬಂದ ತಿಂಗಳ ಸ್ಟೇಟ್‌ಮೆಂಟ್, ಎಲ್ಲದರ ಎರಡೆರಡು ಪ್ರತಿ ಒಯ್ಯಿರಿ. ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಮಧ್ಯಾಹ್ನದ ಮೇಲೆ ಅಲ್ಲಿ ಯಾರೂ ಸಿಗುವುದಿಲ್ಲ.